ಟೇಬಲ್‌ಟಾಪ್ ಆರ್‌ಪಿಜಿ: ಕಡಿಮೆ ಖರ್ಚಿನಲ್ಲಿ ನಕ್ಷೆ ಮತ್ತು ಟೋಕನ್ – ಪದೇ ಪದೇ ಕೇಳುವ ಪ್ರಶ್ನೆಗಳು

ಟೇಬಲ್‌ಟಾಪ್ ಆರ್‌ಪಿಜಿ ಎಂದರೆ ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ ಕಥೆ ಕಟ್ಟುವ ಆಟ. ಇವುಗಳಲ್ಲಿ ಹೆಸರಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಮತ್ತು ಅದರ ಬಳಗದ ಆಟಗಳನ್ನು ಹೊಸದಾಗಿ ಶುರು ಮಾಡಿದವರು, ಅದರಲ್ಲೂ ಆಟ ನಡೆಸುವ ಹೊಣೆ ಹೊತ್ತ ಡಂಜನ್ ಮಾಸ್ಟರ್‌ಗಳು ಅಂದರೆ ಡಿಎಂಗಳು, ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಹೊರದೇಶದಿಂದ ತರಿಸುವ ನಕ್ಷೆಯ ಹಾಸು, ಪಾತ್ರಗಳ ಬೊಂಬೆಗಳ ಬೆಲೆ ನೋಡಿ ಹಿಂದೆ ಸರಿದವರಿಗಾಗಿಯೇ ಇದನ್ನು ಬರೆದಿದ್ದೇನೆ. ಅಳತೆಗಳೆಲ್ಲ ಡಿ ಅಂಡ್ ಡಿ ಐದನೆಯ ಆವೃತ್ತಿಯ ಲೆಕ್ಕದವು. ನಕ್ಷೆಯ ಚೌಕವನ್ನು ‘ಮನೆ’ ಎಂದೂ ಯಾರು ಎಲ್ಲಿದ್ದಾರೆಂದು ತೋರಿಸಲು ಅದರ ಮೇಲಿಡುವ ಟೋಕನನ್ನು ಕೆಲವೆಡೆ ‘ಕಾಯಿ’ ಎಂದೂ ಕರೆದಿದ್ದೇನೆ. ಚೌಕಾಬಾರ ಆಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನಕ್ಷೆ, ಬೊಂಬೆ ಇಲ್ಲದೆ ಆಡಲು ಬರುವುದೇ ಇಲ್ಲವೇ?

ಧಾರಾಳವಾಗಿ ಬರುತ್ತದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಮೊದಲ ನಿಯಮ ಪುಸ್ತಕದಲ್ಲೇ ಬೊಂಬೆಗಳು ಕಡ್ಡಾಯವಲ್ಲ, ಇದ್ದರೆ ಕಣ್ಣಿಗೆ ಚೆಂದ ಎಂಬ ಅರ್ಥದ ಮಾತಿದೆ. ರಟ್ಟಿನ ಬಿಲ್ಲೆಗಳನ್ನೂ ಬಳಸಬಹುದು ಎಂದು ಅಲ್ಲಿಯೇ ಹೇಳಿದೆ. ಬೊಂಬೆ ಸೈನ್ಯಗಳ ಯುದ್ಧದಾಟದಿಂದ ಹುಟ್ಟಿದ ಆಟವೇ ಇಷ್ಟು ಸಲುಗೆ ಕೊಟ್ಟಿರುವಾಗ ನಾವು ಅದಕ್ಕಿಂತ ಬಿಗಿಯಾಗಬೇಕಿಲ್ಲ.

ಇನ್ನೂ ಒಂದು ಸಂಗತಿ ನನಗೆ ಬಹಳ ಪ್ರಿಯವಾದದ್ದು. ಆ ಕಾಲದಲ್ಲಿ ಗೈಗ್ಯಾಕ್ಸ್ ಅಗ್ಗದ ಅಂಗಡಿಯಿಂದ ಪ್ಲಾಸ್ಟಿಕ್ ಆಟಿಕೆಗಳ ಪೊಟ್ಟಣವೊಂದನ್ನು ತಂದಿದ್ದರು. ಯಾವ ಪ್ರಾಣಿಯನ್ನೂ ಹೋಲದ ಆ ವಿಚಿತ್ರ ಆಕಾರಗಳನ್ನು ಮೇಜಿನ ಮೇಲಿಟ್ಟು ಅವಕ್ಕೆ ಹೆಸರು, ಗುಣ ಕೊಟ್ಟರು. 1975ರ ಗ್ರೇಹಾಕ್ ಪುರವಣಿಯಲ್ಲಿ ಬಂದ ಗೂಬೆಕರಡಿ ಔಲ್‌ಬೇರ್ ಮತ್ತು ಕಬ್ಬಿಣ ತಿನ್ನುವ ರಸ್ಟ್ ಮಾನ್‌ಸ್ಟರ್ ಹುಟ್ಟಿದ್ದು ಹೀಗೆ. ಈ ಆಟದ ಹೆಸರುವಾಸಿ ಪ್ರಾಣಿಗಳಲ್ಲಿ ಕೆಲವು ಚಿಲ್ಲರೆ ಕಾಸಿನ ಆಟಿಕೆಗಳಿಂದ ಬಂದಿವೆ.

ಹಾಗಾದರೆ ನಕ್ಷೆ ಯಾವಾಗ ಬೇಕು?

ಯಾರು ಎಲ್ಲಿ ನಿಂತಿದ್ದಾರೆ ಎಂಬುದರ ಮೇಲೆ ಆಟಗಾರರ ನಿರ್ಧಾರ ನಿಂತಿರುವಾಗ ಬೇಕು. ಸೇತುವೆಯ ಮೇಲಿನ ಕಾದಾಟ, ಎರಡು ಬಾಗಿಲಿರುವ ಕೋಣೆ, ಬಿಲ್ಲುಗಾರರು ಮೇಲಟ್ಟದಲ್ಲಿರುವ ಅಂಗಳ, ಇಂಥ ಕಡೆ ನಕ್ಷೆ ಇಲ್ಲದಿದ್ದರೆ ಪ್ರತಿ ಸರದಿಯಲ್ಲೂ ‘ನಾನು ಎಲ್ಲಿದ್ದೇನೆ?’ ಎಂಬ ಪ್ರಶ್ನೆಯೇ ಕಾಲ ತಿನ್ನುತ್ತದೆ. ದಾರಿಯಲ್ಲಿ ಎದುರಾದ ಎರಡು ತೋಳಗಳಿಗೆ ನಕ್ಷೆ ಹಾಸಬೇಡಿ. ಸಂತೆಯಲ್ಲಿ ಚೌಕಾಸಿ ಮಾಡುವುದಕ್ಕಂತೂ ಬೇಡವೇ ಬೇಡ.

ನಕ್ಷೆ ಮೂರು ವಿಷಯ ತಿಳಿಸಿದರೆ ಅದರ ಕೆಲಸ ಮುಗಿಯಿತು: ಎಲ್ಲಿ ನಿಲ್ಲಬಹುದು, ಯಾವುದು ಅಡ್ಡ ಬರುತ್ತದೆ, ಎಲ್ಲಿಂದ ತಪ್ಪಿಸಿಕೊಳ್ಳಬಹುದು. ಹಣವನ್ನಾಗಲಿ ಸಮಯವನ್ನಾಗಲಿ ಈ ಮೂರಕ್ಕೆ ಮೊದಲು ಹಾಕಿ. ನೆಲದ ಹಾಸುಗಲ್ಲಿನ ಬಿರುಕಿಗೆ ಬಣ್ಣ ತುಂಬುವುದು ಆಮೇಲಿನ ಮಾತು.

ಮೊದಲ ಆಟಕ್ಕೆ ಏನೇನು ಕೊಳ್ಳಬೇಕು?

ಒಂದು ಚಾರ್ಟ್ ಪೇಪರ್, ಒಂದು ಪೆನ್ಸಿಲ್, ಒಂದು ಉದ್ದದ ಸ್ಕೇಲ್. ಕಾಯಿಗಳಿಗೆ ಜೇಬಿನ ಚಿಲ್ಲರೆ. ಇದಕ್ಕಿಂತ ಹೆಚ್ಚಿಗೆ ಮೊದಲೇ ಕೊಳ್ಳಬೇಡಿ. ನಿಮ್ಮ ಗುಂಪಿಗೆ ಕಾದಾಟ ಹಿಡಿಸುತ್ತದೋ ಮಾತುಕತೆ ಹಿಡಿಸುತ್ತದೋ ಎಂಬುದು ಕೆಲವು ವಾರ ಕಳೆಯದೆ ತಿಳಿಯುವುದಿಲ್ಲ.

ಒಂದು ಮನೆ ಎಷ್ಟು ದೊಡ್ಡದಿರಬೇಕು?

ಒಂದು ಇಂಚು, ಅಂದರೆ 25.4 ಮಿ.ಮೀ. ಆಟದ ಲೋಕದಲ್ಲಿ ಅದು 5 ಅಡಿಗೆ ಸಮ. ಮನುಷ್ಯ ಗಾತ್ರದ ಪಾತ್ರ ಒಂದು ಮನೆಯಲ್ಲಿ ನಿಲ್ಲುತ್ತದೆ. ಸಾಮಾನ್ಯ ನಡಿಗೆ 30 ಅಡಿಯಾದ್ದರಿಂದ ಒಂದು ಸರದಿಗೆ 6 ಮನೆ ದಾಟಬಹುದು.

ಈ ಲೆಕ್ಕದಲ್ಲಿ ಎ4 ಹಾಳೆಯಲ್ಲಿ 8×11 ಮನೆ, ಎ3ರಲ್ಲಿ 11×16 ಮನೆ ಹಿಡಿಯುತ್ತವೆ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ 22×28 ಇಂಚಿನ ಚಾರ್ಟ್ ಪೇಪರಿನಲ್ಲಿ 616 ಮನೆಗಳಾಗುತ್ತವೆ. ಬಹುಪಾಲು ಕಾದಾಟಗಳಿಗೆ ಅಷ್ಟು ಸಾಕು.

ಮೇಜು ಚಿಕ್ಕದಾಗಿದ್ದರೆ ಅಥವಾ ರೈಲಿನಲ್ಲಿ ಆಡುವುದಾದರೆ ಶಾಲೆಯ ಗ್ರಾಫ್ ಹಾಳೆ ತೆಗೆದುಕೊಂಡು ಒಂದು ಸೆಂಟಿಮೀಟರನ್ನೇ ಒಂದು ಮನೆ ಎಂದು ಎಣಿಸಿ. ಕಾಯಿಗಳಿಗೆ ಅಂಗಿಯ ಚಿಕ್ಕ ಗುಂಡಿ, ಕಡಲೆ, ಹೆಸರುಕಾಳು ಆಗುತ್ತದೆ. ನಿಯಮಕ್ಕೆ ಬೇಕಾಗಿರುವುದು ಮನೆಗಳ ಎಣಿಕೆ ಮಾತ್ರ, ಇಂಚಲ್ಲ.

ಬರೆದು ಅಳಿಸುವ ಹಾಸನ್ನು ಮನೆಯಲ್ಲೇ ಮಾಡುವುದು ಹೇಗೆ?

ಈ ಒಂದು ವಸ್ತುವಿಗೆ ಶ್ರಮ ಹಾಕುವುದು ಸಾರ್ಥಕ. ಒಮ್ಮೆ ಮಾಡಿದರೆ ವರ್ಷಗಟ್ಟಲೆ ಬರುತ್ತದೆ. ಮೂರು ದಾರಿಗಳಿವೆ.

ಮೊದಲನೆಯದು ಹಳೆಯ ಫೋಟೊ ಫ್ರೇಮು. ಅಟ್ಟದ ಮೇಲೆ ಒಂದಲ್ಲ ಒಂದು ದೊಡ್ಡ ಚೌಕಟ್ಟು ಇದ್ದೇ ಇರುತ್ತದೆ. ಒಳಗಿನ ಚಿತ್ರ ತೆಗೆದು, ಇಂಚಿನ ಗೆರೆ ಎಳೆದ ಹಾಳೆಯನ್ನು ಗಾಜಿನ ಕೆಳಗೆ ಸೇರಿಸಿ. ಗಾಜಿನ ಮೇಲೆ ವೈಟ್‌ಬೋರ್ಡ್ ಮಾರ್ಕರಿನಿಂದ ಬರೆದರೆ ಒಣ ಬಟ್ಟೆಗೇ ಅಳಿಸಿಹೋಗುತ್ತದೆ, ಕಲೆ ಉಳಿಯುವುದಿಲ್ಲ. ಕೆಳಗಿನ ಹಾಳೆಯನ್ನು ಬದಲಿಸುತ್ತಲೂ ಇರಬಹುದು: ಒಂದು ದಿನ ಬರಿಯ ಗೆರೆ, ಇನ್ನೊಂದು ದಿನ ಕಾಡಿನ ನಕ್ಷೆ. ಚೌಕಟ್ಟಿಲ್ಲದ ಬರಿಯ ಗಾಜನ್ನು ಮಾತ್ರ ಬಳಸಬೇಡಿ. ಬಳಸಲೇಬೇಕಾದರೆ ನಾಲ್ಕು ಅಂಚಿಗೂ ದಪ್ಪ ಟೇಪು ಸುತ್ತಿ.

ಎರಡನೆಯದು ಲ್ಯಾಮಿನೇಷನ್. ಗೆರೆ ಎಳೆದ ನಾಲ್ಕು ಎ3 ಹಾಳೆಗಳನ್ನು ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಟ್ ಮಾಡಿಸಿ, ಅಂಚು ಕತ್ತರಿಸಿ, ಹಿಂಬದಿಯಿಂದ ಟೇಪಿನಲ್ಲಿ ಜೋಡಿಸಿ. 22×32 ಮನೆಗಳ ಹಾಸು ಸಿದ್ಧವಾಗುತ್ತದೆ, ಮಡಚಿದರೆ ಚೀಲದಲ್ಲಿ ಹಿಡಿಯುತ್ತದೆ. ಜೋಡಿಸದೆ ಬಿಡಿಯಾಗಿಯೇ ಇಟ್ಟುಕೊಳ್ಳುವುದು ನನಗೆ ಇನ್ನೂ ಮೆಚ್ಚು. ಆಟಗಾರರು ಒಂದು ಕೋಣೆಯಲ್ಲಿರುವಾಗ ಮುಂದಿನ ಕೋಣೆಯನ್ನು ಇನ್ನೊಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಬಹುದು.

ಮೂರನೆಯದು ಕೇರಂ ಬೋರ್ಡು. ಆಡುವ ಜಾಗ ಸುಮಾರು 29 ಇಂಚು ಚೌಕ. ಬೋರಿಕ್ ಪುಡಿಯನ್ನು ಚೆನ್ನಾಗಿ ಒರೆಸಿ, ಗೆರೆ ಎಳೆದ ಹಾಳೆ ಹಾಸಿ, ಮೇಲೆ ಪುಸ್ತಕಕ್ಕೆ ಹೊದಿಸುವ ಪಾರದರ್ಶಕ ಹಾಳೆಯನ್ನು ಬಿಗಿಯಾಗಿ ಹರಡಿ. ಸುತ್ತ ಮರದ ಕಟ್ಟೆ ಇರುವುದರಿಂದ ಉರುಳಿಸಿದ ದಾಳ ಮಂಚದ ಕೆಳಗೆ ಹೋಗುವುದಿಲ್ಲ. ಆರು ಜನ ಸುತ್ತ ಕೂರಲು ಇದಕ್ಕಿಂತ ಒಳ್ಳೆಯ ಮೇಜು ನಮ್ಮ ಮನೆಗಳಲ್ಲಿ ಇಲ್ಲ.

ಯಾವ ಮಾರ್ಕರ್ ಬಳಸಬೇಕು?

ಗಾಜು ಮತ್ತು ಲ್ಯಾಮಿನೇಷನ್ನಿಗೆ ವೈಟ್‌ಬೋರ್ಡ್ ಮಾರ್ಕರ್. ಕೆಂಪು ಬಣ್ಣ ಎಲ್ಲಕ್ಕಿಂತ ಹಟಮಾರಿಯಾಗಿರಬಹುದು, ಮೂಲೆಯಲ್ಲಿ ಪರೀಕ್ಷಿಸಿ ನೋಡಿ. ಅಂಗಡಿಯಿಂದ ಕೊಂಡ ವಿನೈಲ್ ಹಾಸಿದ್ದರೆ ಅದಕ್ಕೆ ಒದ್ದೆ ಬಟ್ಟೆಯಲ್ಲಿ ಅಳಿಸುವ ಮಾರ್ಕರೇ ಬೇಕು, ವೈಟ್‌ಬೋರ್ಡ್ ಮಾರ್ಕರ್ ಅದರ ಮೇಲೆ ಕಲೆ ಬಿಡುತ್ತದೆ. ಬರೆದದ್ದನ್ನು ಆಟ ಮುಗಿದ ರಾತ್ರಿಯೇ ಅಳಿಸಿ. ಗಾಜಿನ ಮೇಲೆ ಯಾರಾದರೂ ಪರ್ಮನೆಂಟ್ ಮಾರ್ಕರ್ ಎಳೆದುಬಿಟ್ಟರೆ ಗಾಬರಿ ಬೇಡ, ಸ್ಪಿರಿಟ್ ಇಲ್ಲವೇ ಹ್ಯಾಂಡ್ ಸ್ಯಾನಿಟೈಸರ್ ಹಚ್ಚಿ ಒರೆಸಿದರೆ ಹೋಗುತ್ತದೆ.

ನನಗೆ ಚಿತ್ರ ಬರೆಯಲು ಬರುವುದಿಲ್ಲ. ಏನು ಮಾಡಲಿ?

ಬರಬೇಕಾಗಿಲ್ಲ. ಗೋಡೆಗೆ ದಪ್ಪ ಗೆರೆ, ಬಾಗಿಲಿಗೆ ಗೆರೆಯ ಮೇಲೊಂದು ಚಿಕ್ಕ ಆಯತ, ಮೆಟ್ಟಿಲಿಗೆ ಅಡ್ಡಗೀಟುಗಳು, ಮರಕ್ಕೆ ವೃತ್ತ, ನೀರಿಗೆ ಅಲೆಗೆರೆ. ಉಳಿದದ್ದಕ್ಕೆ ಅಕ್ಷರ ಬರೆಯಿರಿ. ಕನ್ನಡದಲ್ಲಿ ‘ಬಾವಿ’ ಎಂದು ಬರೆದ ವೃತ್ತ ಎಲ್ಲರಿಗೂ ಬಾವಿಯೇ. ಮೇಜಿನ ಸುತ್ತ ಕುಳಿತವರು ನೋಡುವುದು ನಿಮ್ಮ ಮಾತಿನಲ್ಲಿ ಮೂಡುವ ಬಾವಿಯನ್ನು. ಹಾಳೆಯ ಮೇಲಿನ ವೃತ್ತ ಅದರ ಜಾಗ ಹೇಳುತ್ತದೆ, ಅಷ್ಟೆ.

ಆಟದ ನಡುವೆ ಗೆರೆ ಎಳೆಯುತ್ತ ಕೂತರೆ ಬಿಗಿ ಸಡಿಲುತ್ತದೆ ಎಂಬುದು ನಿಜ. ಹಾಗಾಗಿ ಕಾದಾಟ ಖಚಿತವೆನಿಸಿದ ಜಾಗವನ್ನು ಮನೆಯಲ್ಲೇ ಬರೆದು ತನ್ನಿ. ಉಳಿದವನ್ನು, ಆಟಗಾರರು ಒಳಗೆ ಕಾಲಿಟ್ಟ ಕೋಣೆಯಷ್ಟನ್ನೇ, ವರ್ಣಿಸುತ್ತಲೇ ಎಳೆಯಿರಿ.

ಟೋಕನ್‌ಗಳಿಗೆ ಯಾವುದು ಒಳ್ಳೆಯದು?

ಮೊದಲ ಸ್ಥಾನ 2 ರೂಪಾಯಿ ನಾಣ್ಯಕ್ಕೆ. 2011ರಲ್ಲಿ ಬಂದ ಮಾದರಿಯ ವ್ಯಾಸ 25 ಮಿ.ಮೀ., ಇಂಚಿನ ಮನೆಯಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ. ಅದೇ ಮಾಲಿಕೆಯ 5 ರೂಪಾಯಿ 23 ಮಿ.ಮೀ., 1 ರೂಪಾಯಿ ಸುಮಾರು 22 ಮಿ.ಮೀ., ಇವೂ ಸಲ್ಲುತ್ತವೆ. 10 ರೂಪಾಯಿ 27 ಮಿ.ಮೀ. ಇರುವುದರಿಂದ ಪಕ್ಕದ ಮನೆಗೆ ತುಸು ಚಾಚುತ್ತದೆ. ನಾಯಕ ಶತ್ರುವಿಗೆ ಅದನ್ನೇ ಇಡಿ, ಎದ್ದು ಕಾಣುತ್ತದೆ. ಆಟ ಮುಗಿದ ಮೇಲೆ ಇದೇ ನಾಣ್ಯಗಳಿಂದ ಚಹಾ ಕುಡಿಯಬಹುದು, ಹಾಗಾಗಿ ಇದರ ಖರ್ಚು ಶೂನ್ಯ.

ಹೆಚ್ಚು ದಿನ ಬಾಳುವ ಕಾಯಿ ಬೇಕೆಂದರೆ ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಹೊರವ್ಯಾಸ ಒಂದು ಇಂಚಿರುವ ವಾಷರ್‌ಗಳನ್ನು ಕೇಳಿ. ಮೇಲೆ ದುಂಡಗೆ ಕತ್ತರಿಸಿದ ಚಿತ್ರ ಅಂಟಿಸಿದರೆ ಕೈಯಲ್ಲಿ ತೂಕವಿರುವ, ಫ್ಯಾನಿನ ಗಾಳಿಗೆ ಹಾರದ ಕಾಯಿ ಸಿಗುತ್ತದೆ. ನಮ್ಮ ಬೇಸಿಗೆಯಲ್ಲಿ ಫ್ಯಾನು ನಿಲ್ಲಿಸಿ ಆಡುವುದು ಅಸಾಧ್ಯ, ಆದ್ದರಿಂದ ಈ ಗುಣ ದೊಡ್ಡದು. ಸೋಡಾ ಬಾಟಲಿಯ ತಗಡಿನ ಮುಚ್ಚಳದ ಒಳಗೂ ಒಂದು ಇಂಚಿನ ವೃತ್ತ ಸರಿಯಾಗಿ ಕೂರುತ್ತದೆ. ಹೊರ ಅಂಚು ಮಾತ್ರ ಇಂಚಿಗಿಂತ ಅಗಲ, ಕಿಕ್ಕಿರಿದ ಕಾದಾಟಕ್ಕೆ ಆಗದು.

ಒಂದು ಚದುರಂಗದ ಪೆಟ್ಟಿಗೆಯಲ್ಲಿ 16 ಕಾಲಾಳುಗಳಿರುತ್ತವೆ, ಗಾಬ್ಲಿನ್ ಎಂಬ ಕುಳ್ಳ ಶತ್ರುಗಳ ಪಡೆ ಅಲ್ಲಿಯೇ ಸಿದ್ಧ. ಕವಡೆ, ಹುಣಸೆ ಬೀಜ ಸಹ ಗುಂಪು ಶತ್ರುಗಳಿಗೆ ಒಳ್ಳೆಯದು. ಕೇರಂ ಕಾಯಿಗಳು ಮಾತ್ರ ಮೂರು ಸೆಂಟಿಮೀಟರಿಗಿಂತ ಅಗಲ, ಇಂಚಿನ ಮನೆಗೆ ಹಿಡಿಯುವುದಿಲ್ಲ. ಅವನ್ನೇ ಬಳಸುವುದಾದರೆ ಮನೆಯನ್ನು ಒಂದೂಕಾಲು ಇಂಚಿಗೆ ಎಳೆದುಕೊಳ್ಳಿ.

ಒಂದೇ ಬಗೆಯ ಶತ್ರುಗಳು ಹಲವರಿದ್ದರೆ ಕಾಯಿಗಳ ಮೇಲೆ 1, 2, 3 ಎಂದು ತಪ್ಪದೆ ಬರೆಯಿರಿ. ‘ಎಡಗಡೆಯ ಗಾಬ್ಲಿನ್ ಹಿಂದಿರುವ ಇನ್ನೊಂದು ಗಾಬ್ಲಿನ್’ ಎಂಬ ಗೊಂದಲಕ್ಕೆ ಇದೊಂದೇ ಮದ್ದು.

ಚನ್ನಪಟ್ಟಣದ ಬೊಂಬೆಗಳು ಆಗುತ್ತವೆಯೇ?

ಆಟಗಾರರ ಪಾತ್ರಗಳಿಗೆ ಬಹಳ ಚೆನ್ನಾಗಿ ಒಪ್ಪುತ್ತವೆ. ಅರಗಿನ ಬಣ್ಣದ ಚಿಕ್ಕ ಮರದ ಬೊಂಬೆಗಳಲ್ಲಿ ತಳ ಒಂದು ಇಂಚಿನೊಳಗೆ ಇರುವುದನ್ನು ಆರಿಸಿ. ಐದಾರು ಸಾಕು. ಪಾತ್ರಕ್ಕೊಂದು ಬಣ್ಣ ಎಂದು ನಿಗದಿಯಾದರೆ ಮೇಜಿನ ಯಾವ ಮೂಲೆಯಿಂದ ನೋಡಿದರೂ ಗುರುತು ಸಿಗುತ್ತದೆ.

ದೊಡ್ಡ ಪ್ರಾಣಿಗಳಿಗೆ ಏನಿಡಲಿ?

ಓಗರ್ ಎಂಬ ದೈತ್ಯ, ಕುದುರೆ, ಎಳೆಯ ಡ್ರ್ಯಾಗನ್ 2×2 ಮನೆ ಹಿಡಿಯುತ್ತವೆ. ಬೆಳೆದ ಡ್ರ್ಯಾಗನ್ 3×3, ಪುರಾತನ ಡ್ರ್ಯಾಗನ್ 4×4. ಕೊರಿಯರ್ ಪೆಟ್ಟಿಗೆಯ ರಟ್ಟಿನಲ್ಲಿ 2, 3, 4 ಇಂಚಿನ ಚೌಕಗಳನ್ನು ಕತ್ತರಿಸಿಟ್ಟುಕೊಂಡರೆ ಎಲ್ಲ ಕಾಲಕ್ಕೂ ಆಯಿತು. ಕಚೇರಿಗಳಲ್ಲಿ ಬಳಸುವ ಅಂಟುಚೀಟಿಯ ಸಾಮಾನ್ಯ ಅಳತೆ 3 ಇಂಚು ಚೌಕ, ಅಂದರೆ ಒಂದು ಹಳದಿ ಚೀಟಿ ಬೆಳೆದ ಡ್ರ್ಯಾಗನ್ನಿನ ಗಾತ್ರಕ್ಕೆ ಸರಿಯಾಗಿ ಹೊಂದುತ್ತದೆ. ಅದರ ಮೇಲೆಯೇ ಪೆಟ್ಟಿನ ಲೆಕ್ಕವನ್ನೂ ಬರೆಯಬಹುದು.

ನಿಲ್ಲುವ ಬೊಂಬೆಗಳೇ ಬೇಕು, ಆದರೆ ಹಣವಿಲ್ಲ. ದಾರಿ ಇದೆಯೇ?

ಕಾಗದದ ಬೊಂಬೆಗಳಿವೆ. ಮುಂಬದಿ ಮತ್ತು ಹಿಂಬದಿಯ ಚಿತ್ರ ಒಂದೇ ಪಟ್ಟಿಯಲ್ಲಿ ಬರುವಂತೆ ಪ್ರಿಂಟ್ ಮಾಡಿ ನಡುವೆ ಮಡಚಿ ಅಂಟಿಸುವುದು. ಸಾಮಾನ್ಯ 70–80 ಜಿಎಸ್‌ಎಂ (ಕಾಗದದ ತೂಕದ ಅಳತೆ) ಹಾಳೆ ಬಾಗುತ್ತದೆ, 250–300 ಜಿಎಸ್‌ಎಂ ಕಾರ್ಡ್ ಕೇಳಿ. ನಿಲ್ಲಿಸಲು 19 ಮಿ.ಮೀ.ಯ ಕಪ್ಪು ಬೈಂಡರ್ ಕ್ಲಿಪ್ ಸಿಕ್ಕಿಸಿ, ಹಿಡಿಕೆಯ ತಂತಿಗಳನ್ನು ಒತ್ತಿ ಹೊರತೆಗೆಯಿರಿ. ‘ಪ್ರಿಂಟಬಲ್ ಹೀರೋಸ್’ ಎಂದು ಹುಡುಕಿದರೆ ಚೆಂದದ ಚಿತ್ರಗಳು ಸಿಗುತ್ತವೆ, ಕೆಲವು ಉಚಿತ.

ಗುಂಪಿನಲ್ಲಿ ಚಿತ್ರ ಬರೆಯುವ ಮಗು ಇದ್ದರೆ ಈ ಕೆಲಸ ಅವರಿಗೆ ಒಪ್ಪಿಸಿ. ಯಾವ ಕಂಪನಿಯ ಬೊಂಬೆಯೂ ಅದಕ್ಕೆ ಸಮ ಬರದು ಎಂದು ನಾನು ಮನಸಾರೆ ನಂಬಿದ್ದೇನೆ.

ಪ್ಲಾಸ್ಟಿಕ್ ಅಥವಾ 3ಡಿ ಪ್ರಿಂಟ್ ಬೊಂಬೆ ಕೊಳ್ಳುವುದೇ ತಪ್ಪೇ?

ತಪ್ಪಲ್ಲ. ಬಣ್ಣ ಹಚ್ಚುವುದೇ ನಿಮಗೆ ಖುಷಿ ಕೊಡುವ ಹವ್ಯಾಸವಾದರೆ ಕೊಳ್ಳಿ. ಆದರೆ ಪ್ರತಿಯೊಬ್ಬರ ನಾಯಕ ಪಾತ್ರಕ್ಕೆ ಒಂದೊಂದು ಸಾಕು, ಅದು ತಿಂಗಳುಗಟ್ಟಲೆ ಮೇಜಿನ ಮೇಲಿರುತ್ತದೆ. ಒಂದೇ ರಾತ್ರಿ ಸಾಯುವ ಶತ್ರುವಿಗೆ ಬೊಂಬೆ ಕೊಳ್ಳುವುದು ದುಂದು.

ಉಚಿತ ನಕ್ಷೆಗಳು ಎಲ್ಲಿ ಸಿಗುತ್ತವೆ?

ಕೆನಡಾದ ನಕ್ಷೆಗಾರ ಡೈಸನ್ ಲೋಗೋಸ್ ಅವರ ಜಾಲತಾಣದಲ್ಲಿ ರಾಶಿ ನಕ್ಷೆಗಳಿವೆ. ಬಹುತೇಕ ಕಪ್ಪು ಬಿಳುಪಿನವು, ಆದ್ದರಿಂದ ಜೆರಾಕ್ಸಿನಲ್ಲಿ ಕೆಡುವುದಿಲ್ಲ. ಒನ್ ಪೇಜ್ ಡಂಜನ್ ಸ್ಪರ್ಧೆಯ ಕೃತಿಗಳಲ್ಲಿ ಒಂದೇ ಪುಟದಲ್ಲಿ ನಕ್ಷೆ, ಕಥೆ ಎರಡೂ ಇರುತ್ತವೆ. ಒಂದು ಸಂಜೆಯ ಆಟಕ್ಕೆ ಹೇಳಿ ಮಾಡಿಸಿದಂತಿವೆ.

ನೀವೇ ಕಂಪ್ಯೂಟರಿನಲ್ಲಿ ಬರೆಯುವುದಾದರೆ ಡಂಜನ್ ಸ್ಕ್ರಾಲ್ ಎಂಬ ಸಾಧನ ಬ್ರೌಸರಿನಲ್ಲೇ ನಡೆಯುತ್ತದೆ, ಕಲಿಯಲು ಅರ್ಧ ಗಂಟೆ ಸಾಕು. ವಾಟಬೌ ಎಂಬ ಹೆಸರಿನಲ್ಲಿರುವ ಸಾಧನಗಳು ಒಂದು ಒತ್ತಿಗೆ ಊರನ್ನೋ ನೆಲಮಾಳಿಗೆಯನ್ನೋ ತಯಾರಿಸಿ ಕೊಡುತ್ತವೆ. ಡಾನ್‌ಜಾನ್ ತಾಣವೂ ಇಂಥದೇ.

ನಿಯಮಗಳಿಗೂ ಹಣ ಕೊಡಬೇಕಿಲ್ಲ. 2023ರ ಜನವರಿಯಲ್ಲಿ ಐದನೆಯ ಆವೃತ್ತಿಯ ಮೂಲ ನಿಯಮಗಳ ದಾಖಲೆಯನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಲಾಗಿದೆ.

ಪ್ರಿಂಟ್ ತೆಗೆದರೆ ಮನೆಗಳು ಇಂಚಿಗಿಂತ ಚಿಕ್ಕದಾಗಿ ಬರುತ್ತವೆ. ಏಕೆ?

ಪ್ರಿಂಟರು ಚಿತ್ರವನ್ನು ಹಾಳೆಗೆ ಹೊಂದಿಸಲು ಕುಗ್ಗಿಸಿರುತ್ತದೆ. ಪ್ರಿಂಟ್ ಮಾಡುವಾಗ ‘ಫಿಟ್’ ತೆಗೆದು ‘ಆಕ್ಚುಯಲ್ ಸೈಜ್’ ಅಥವಾ 100 ಪ್ರತಿಶತ ಆರಿಸಬೇಕು. ಅಂಗಡಿಯವರಿಗೆ ಇದನ್ನು ಬಾಯಿಬಿಟ್ಟು ಹೇಳಿ. ಮೊದಲು ಒಂದೇ ಪುಟ ತೆಗೆಸಿ, ಸ್ಕೇಲ್ ಇಟ್ಟು ಅಳೆದು, ಸರಿಯಿದ್ದರೆ ಉಳಿದವನ್ನು ತೆಗೆಸಿ. ದೊಡ್ಡ ನಕ್ಷೆಯನ್ನು ಹಲವು ಎ4 ಹಾಳೆಗಳಿಗೆ ಹಂಚಲು ಪೋಸ್ಟರೇಜರ್ ಎಂಬ ಉಚಿತ ತಂತ್ರಾಂಶವಿದೆ.

ಬಣ್ಣದ ಪ್ರಿಂಟ್ ಬೇಡ. ಕಪ್ಪು ಬಿಳುಪಿನಲ್ಲಿ ತೆಗೆಸಿ, ನೀರು, ಬೆಂಕಿ, ಬಾಗಿಲುಗಳಿಗಷ್ಟೇ ಬಣ್ಣದ ಪೆನ್ಸಿಲ್ ಆಡಿಸಿ. ಮುಖ್ಯವಾದದ್ದು ಕಣ್ಣಿಗೆ ಬೀಳುತ್ತದೆ, ಖರ್ಚೂ ಉಳಿಯುತ್ತದೆ.

ದೊಡ್ಡ ಹಾಳೆಯ ಪ್ರಿಂಟ್ ಎಲ್ಲಿ ಅಗ್ಗ? ಫ್ಲೆಕ್ಸ್ ಮಾಡಿಸಬಹುದೇ?

ಕಟ್ಟಡದ ನೀಲನಕ್ಷೆ ತೆಗೆಯುವ ಪ್ಲಾಟರ್ ಇರುವ ಅಂಗಡಿಗೆ ಹೋಗಿ. ಎಂಜಿನಿಯರಿಂಗ್ ಕಾಲೇಜುಗಳ ಸುತ್ತಮುತ್ತ ಇವು ಸಿಗುತ್ತವೆ. ಎ1 ಹಾಳೆಯಲ್ಲಿ 23×33 ಮನೆ, ಎ0ಯಲ್ಲಿ 33×46 ಮನೆ ಬರುತ್ತವೆ. ಗೆರೆಚಿತ್ರದ ದರ ಕೇಳಿ, ಫೋಟೊ ದರ ಅಲ್ಲ. ಎರಡಕ್ಕೂ ಬಹಳ ಅಂತರವಿರುತ್ತದೆ.

ಫ್ಲೆಕ್ಸ್ ಬೇಡ. ಕರ್ನಾಟಕ ಸರ್ಕಾರ 2016ರಲ್ಲಿಯೇ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರುಗಳನ್ನು ನಿಷೇಧಿಸಿದೆ. ಬಟ್ಟೆಯ ಮೇಲೆ ಮುದ್ರಿಸುವವರಿದ್ದರೆ ವಿಚಾರಿಸಿ. ಸುತ್ತಿಟ್ಟರೂ ಸುಕ್ಕಾಗದ ಒಳ್ಳೆಯ ಹಾಸು ಅದು.

ಆಟಗಾರರು ಇನ್ನೂ ನೋಡದ ಕೋಣೆಗಳನ್ನು ಮುಚ್ಚುವುದು ಹೇಗೆ?

ಪ್ರತಿ ಕೋಣೆಯ ಆಕಾರಕ್ಕೆ ಹಳೆಯ ಕ್ಯಾಲೆಂಡರಿನ ಹಾಳೆ ಕತ್ತರಿಸಿ ಮೇಲಿಡಿ. ಬಾಗಿಲು ತೆರೆದಾಗ ತುಂಡನ್ನು ಎತ್ತಿ. ಆ ತುಂಡಿನ ಹಿಂದೆ ಕೋಣೆಯಲ್ಲಿ ಏನಿದೆ ಎಂದು ನಿಮಗಾಗಿ ಬರೆದುಕೊಂಡಿದ್ದರೆ ಪುಸ್ತಕ ತಡಕಾಡುವುದು ತಪ್ಪುತ್ತದೆ.

ಮಂತ್ರಗಳ ವ್ಯಾಪ್ತಿಯನ್ನು ತೋರಿಸುವುದು ಹೇಗೆ?

ದಾರ ಸಾಕು. ಬೆಂಕಿಯುಂಡೆಯ ಮಂತ್ರ ಫೈರ್‌ಬಾಲ್‌ನ ತ್ರಿಜ್ಯ 20 ಅಡಿ, ಅಂದರೆ 4 ಇಂಚು. ದಾರಕ್ಕೆ ಇಂಚಿಗೊಂದು ಗಂಟು ಹಾಕಿ, ಒಂದು ತುದಿಯನ್ನು ನಡುಬಿಂದುವಿನಲ್ಲಿ ಹಿಡಿದು ಸುತ್ತ ತಿರುಗಿಸಿದರೆ ಯಾರು ಸಿಕ್ಕಿಬಿದ್ದರು ಎಂಬುದು ಅಲ್ಲೇ ತಿಳಿಯುತ್ತದೆ. 5 ಅಡಿ ತ್ರಿಜ್ಯದ ಮಂತ್ರಕ್ಕೆ 2.4 ಅಳತೆಯ ಬಳೆ ಹೆಚ್ಚುಕಡಿಮೆ ಸರಿಹೋಗುತ್ತದೆ, ಅದರ ಒಳವ್ಯಾಸ ಎರಡೂಕಾಲು ಇಂಚು. ವಿಷವೇರಿದವರು, ಕುರುಡಾದವರು ಯಾರು ಎಂದು ಗುರುತಿಸಲು ನೀರಿನ ಬಾಟಲಿಯ ಮುಚ್ಚಳದ ಕೆಳಗೆ ಉಳಿಯುವ ಬಣ್ಣದ ಉಂಗುರವನ್ನು ಕಾಯಿಗೆ ತೊಡಿಸಿ.

ಓರೆಯಾಗಿ ನಡೆದರೆ ಎಷ್ಟು ಅಡಿ?

ಸಾಮಾನ್ಯ ನಿಯಮದಲ್ಲಿ ಓರೆ ಮನೆಯೂ 5 ಅಡಿಯೇ. ಮೊದಲ ಓರೆಗೆ 5, ಎರಡನೆಯದಕ್ಕೆ 10 ಎಂದು ಎಣಿಸುವ ಐಚ್ಛಿಕ ನಿಯಮವೂ 2014ರ ಡಿಎಂ ಕೈಪಿಡಿಯಲ್ಲಿದೆ. ಸರಳವಾದದ್ದನ್ನೇ ಇಟ್ಟುಕೊಳ್ಳಿ.

ಬಾಣದ ದೂರ ನಕ್ಷೆಗಿಂತ ಹೆಚ್ಚಾದರೆ?

ಉದ್ದನೆಯ ಬಿಲ್ಲು ಲಾಂಗ್‌ಬೋನ ಸಾಮಾನ್ಯ ದೂರ 150 ಅಡಿ, ಅಂದರೆ 30 ಇಂಚು. ಅದಕ್ಕೆ ತಕ್ಕ ಮೇಜು ಹುಡುಕಬೇಡಿ. ಹಾಸಿನ ಅಂಚಿನಲ್ಲಿ ಒಂದು ಚೀಟಿ ಇಟ್ಟು ‘ಇಲ್ಲಿಂದ 100 ಅಡಿ ಆಚೆ’ ಎಂದು ಬರೆದು ಕಾಯಿಯನ್ನು ಅದರ ಮೇಲಿಡಿ. ಬಯಲಿನ ಕಾದಾಟವಾದರೆ ಒಂದು ಮನೆಗೆ 10 ಅಡಿ ಎಂದು ಮೊದಲೇ ಸಾರಿಬಿಡಿ.

ಮನೆಗಳೇ ಇಲ್ಲದ ನಕ್ಷೆ ಬಳಸಬಹುದೇ?

ಬಳಸಬಹುದು. ಫೇಟ್ ಆಟದಲ್ಲಿ ಜಾಗವನ್ನು ವಲಯಗಳಾಗಿ ವಿಂಗಡಿಸುತ್ತಾರೆ: ಅಂಗಳ, ಜಗುಲಿ, ಅಟ್ಟ, ಹಿತ್ತಿಲು. ಒಂದೊಂದಕ್ಕೆ ಒಂದೊಂದು ಚೀಟಿ ಇಟ್ಟು ಕಾಯಿಗಳನ್ನು ಅವುಗಳ ಮೇಲೆ ಸರಿಸಿದರೆ ಆಯಿತು. 13ತ್ ಏಜ್ ಎಂಬ ಆಟವೂ ಮನೆ ಎಣಿಸದೆ, ಕೈಕೈ ಮಿಲಾಯಿಸಿದ್ದಾರೆಯೇ, ಹತ್ತಿರದಲ್ಲಿದ್ದಾರೆಯೇ, ದೂರದಲ್ಲಿದ್ದಾರೆಯೇ ಎಂದಷ್ಟೇ ನೋಡುತ್ತದೆ. ಎಣಿಕೆಯ ವಾದವಿವಾದದಿಂದ ಬೇಸತ್ತ ಗುಂಪು ಇದನ್ನು ಒಮ್ಮೆ ಆಡಿ ನೋಡಲೇಬೇಕು.

ಗೆಳೆಯರು ಬೇರೆ ಬೇರೆ ಊರುಗಳಲ್ಲಿದ್ದಾರೆ. ಆನ್‌ಲೈನ್‌ನಲ್ಲಿ ಅಗ್ಗದ ದಾರಿ ಯಾವುದು?

ಔಲ್‌ಬೇರ್ ರೋಡಿಯೊ ಎಂಬ ತಾಣ ನನ್ನ ಮೊದಲ ಸಲಹೆ. ಬ್ರೌಸರಿನಲ್ಲಿ ತೆರೆದು ನಕ್ಷೆ ಹಾಕಿ ಕಾಯಿ ಸರಿಸುವುದಷ್ಟೇ ಅದರ ಕೆಲಸ, ಉಚಿತ ಖಾತೆಯೇ ಸಾಕಾಗುತ್ತದೆ. ಇಂಥದೇ ಇನ್ನೊಂದು ತಾಣ ರೋಲ್20ರಲ್ಲೂ ಉಚಿತ ಖಾತೆಯಿದೆ. ಪಾತ್ರದ ವಿವರಪಟ್ಟಿ, ದಾಳ ಎಲ್ಲ ಒಳಗೇ ಇದ್ದರೂ ಕಲಿಯಲು ಸಮಯ ಬೇಕು. ಫೌಂಡ್ರಿ ಎಂಬ ತಂತ್ರಾಂಶಕ್ಕೆ ಒಮ್ಮೆ ಹಣ ಕೊಟ್ಟರೆ ಆಯಿತು, ಕೊಳ್ಳಬೇಕಾದವರು ಡಿಎಂ ಒಬ್ಬರೇ. ವರ್ಷಗಟ್ಟಲೆ ಆಡುವ ಗುಂಪು ಎಲ್ಲರೂ ಪಾಲು ಹಾಕಿ ಕೊಳ್ಳುವುದಾದರೆ ಯೋಚಿಸಿ.

ಮೊಬೈಲ್ ಡೇಟಾದಲ್ಲಿ ಆಡುವವರಿದ್ದರೆ ನಕ್ಷೆಯನ್ನು ಹಗುರ ಮಾಡಿ. ರೋಲ್20ರ ರೂಢಿಯಂತೆ ಒಂದು ಮನೆಗೆ 70 ಪಿಕ್ಸೆಲ್ ಇಟ್ಟರೆ 30×20 ಮನೆಗಳ ನಕ್ಷೆ 2100×1400 ಪಿಕ್ಸೆಲ್ ಆಗುತ್ತದೆ. ಅದನ್ನು ಪಿಎನ್‌ಜಿಯ ಬದಲು ಜೆಪೆಗ್ ಆಗಿ ಉಳಿಸಿ. ಅದೂ ಭಾರವೆನಿಸಿದರೆ ಕಾಗದದ ನಕ್ಷೆಯ ಮೇಲೆ ಮೊಬೈಲ್ ಕ್ಯಾಮೆರಾ ತಿರುಗಿಸಿ ವಿಡಿಯೊ ಕರೆಯಲ್ಲಿ ಆಡಿ.

ಹಳೆಯ ಟಿವಿಯನ್ನು ಮಲಗಿಸಿ ನಕ್ಷೆ ತೋರಿಸಬಹುದೇ?

ಮನೆಯಲ್ಲಿ ಬಳಕೆಯಿಲ್ಲದೆ ಬಿದ್ದಿದ್ದರೆ ಸರಿ, ಇದಕ್ಕೆಂದೇ ಕೊಳ್ಳಬೇಡಿ. 32 ಇಂಚಿನ ಟಿವಿಯ ಪರದೆ ಸುಮಾರು 28×15.7 ಇಂಚು, ಅಂದರೆ 27×15 ಮನೆ. ಫುಲ್ ಎಚ್‌ಡಿ ಪರದೆಯಾದರೆ ಒಂದು ಮನೆಗೆ 69 ಪಿಕ್ಸೆಲ್ ಇಟ್ಟಾಗ ಇಂಚು ಸರಿಯಾಗಿ ಬರುತ್ತದೆ. ಹಿಂಬದಿಯ ಗಾಳಿಕಿಂಡಿ ಮುಚ್ಚದಂತೆ ಕೆಳಗೆ ಮರದ ತುಂಡುಗಳನ್ನಿಡಿ, ಮೇಲೆ ಅಕ್ರಿಲಿಕ್ ಹಾಳೆ ಹಾಸಿ. ಲೋಹದ ದಾಳ ಬೇಡ.

ಹಣ ಕೊಟ್ಟು ಕೊಂಡ ನಕ್ಷೆಯನ್ನು ಗುಂಪಿಗೆಲ್ಲ ಕಳುಹಿಸಬಹುದೇ?

ನಿಮ್ಮ ಮೇಜಿಗೆ ಪ್ರಿಂಟ್ ತೆಗೆದು ಬಳಸಿ, ಫೈಲನ್ನು ಹಂಚಬೇಡಿ. ಈ ನಕ್ಷೆಗಾರರಲ್ಲಿ ಬಹಳಷ್ಟು ಜನ ಒಬ್ಬಂಟಿಯಾಗಿ ದುಡಿಯುವವರು, ಉಚಿತ ನಕ್ಷೆಗಳನ್ನೂ ಕೊಡುತ್ತಿರುವವರು ಅವರೇ. ಕ್ರಿಯೇಟಿವ್ ಕಾಮನ್ಸ್ ಗುರುತು ಇರುವುದನ್ನು ಪರವಾನಗಿ ಓದಿ, ಹೆಸರು ಹೇಳಿ ಹಂಚಿ.

ಇಷ್ಟೆಲ್ಲ ಸಾಮಾನನ್ನು ಇಡುವುದು ಹೇಗೆ?

ಕಾಯಿಗಳಿಗೆ ಮಸಾಲೆ ಡಬ್ಬಿಯೇ ಸರಿ: ಒಂದು ಬಟ್ಟಲಿಗೆ ನಾಯಕರು, ಒಂದಕ್ಕೆ ಗಾಬ್ಲಿನ್‌ಗಳು, ಒಂದಕ್ಕೆ ಬಾಟಲಿ ಉಂಗುರಗಳು. ಕಾಗದದ ಬೊಂಬೆಗಳನ್ನು ಹಳೆಯ ಲಗ್ನಪತ್ರಿಕೆಯ ಲಕೋಟೆಗಳಲ್ಲಿ ಹಾಕಿ ಮೇಲೆ ಹೆಸರು ಬರೆಯಿರಿ. ಬಿಡಿಸಿದ ನಕ್ಷೆಗಳನ್ನು ಎಸೆಯಬೇಡಿ, ಹಿಂದೆ ಪೆನ್ಸಿಲಿನಲ್ಲಿ ‘ಛತ್ರ’, ‘ಗುಹೆ’, ‘ನದಿದಡ’ ಎಂದು ಬರೆದು ಒಂದು ಕಡತದಲ್ಲಿಡಿ. ಬಾಗಿಲ ಜಾಗ ಬದಲಿಸಿ ಹಾಸನ್ನು ತಿರುಗಿಸಿಟ್ಟರೆ ಅದೇ ಛತ್ರ ಬೇರೆ ಊರಿನ ಛತ್ರವಾಗುತ್ತದೆ.